ಹುಬ್ಬಳ್ಳಿ-ಧಾರವಾಡ: ಪೇಟೆಯ ಊರು, ಕಚೇರಿಯ ಊರು

2023ರ ಮಾರ್ಚ್ 12ರಂದು ಧಾರವಾಡದಲ್ಲಿ ನಡೆದ ಸಮಾರಂಭದಲ್ಲಿ ಪ್ರಧಾನಮಂತ್ರಿಯವರು ಅವಳಿ ನಗರಕ್ಕೆ ಸಂಬಂಧಿಸಿದ ಎರಡು ದೊಡ್ಡ ಕೆಲಸಗಳನ್ನು ಲೋಕಾರ್ಪಣೆ ಮಾಡಿದರು. ಒಂದು, ಧಾರವಾಡದ ಐಐಟಿಯ ಹೊಸ ಆವರಣ. ಇನ್ನೊಂದು, ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರಂ. ಜಗತ್ತಿನಲ್ಲಿಯೇ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರಂ ಎಂಬ ಹೆಸರು ಅದಕ್ಕೆ ಬಂತು. ಒಂದೇ ದಿನ ಒಂದು ಊರಿಗೆ ವಿದ್ಯಾಲಯ, ಇನ್ನೊಂದಕ್ಕೆ ರೈಲು. ಈ ಭಾಗದ ಚರಿತ್ರೆ ಬಲ್ಲವರಿಗೆ ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇರಲಿಲ್ಲ. ಹಂಚಿಕೆ ಹಳೆಯದೇ.

ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಇರುವುದು ಸುಮಾರು ಇಪ್ಪತ್ತು ಕಿಲೋಮೀಟರ್. 1962ರಿಂದ ಎರಡಕ್ಕೂ ಒಂದೇ ಮಹಾನಗರಪಾಲಿಕೆ. 2011ರ ಜನಗಣತಿಯಲ್ಲಿ ಎರಡೂ ಸೇರಿ ಜನಸಂಖ್ಯೆ 9 ಲಕ್ಷ 43 ಸಾವಿರ ದಾಟಿತ್ತು. 'ಅವಳಿ ನಗರ' ಎಂಬ ಹೆಸರು ಅಷ್ಟು ರೂಢಿಯಾಗಿದ್ದರೂ ಅವಳಿಗಳಲ್ಲಿ ಇರಬೇಕಾದ ಮುಖಸಾಮ್ಯ ಇಲ್ಲಿ ಕಾಣುವುದಿಲ್ಲ. ಧಾರವಾಡದಲ್ಲಿ ಕಲ್ಲೊಗೆದರೆ ಅದು ಕವಿಯ ಮನೆಯ ಮೇಲೆಯೇ ಬೀಳುತ್ತದೆ ಎಂಬುದು ಜನಜನಿತ ಮಾತು. ಹುಬ್ಬಳ್ಳಿಗೆ ಜನ ಪ್ರೀತಿಯಿಂದ ಇಟ್ಟ ಹೆಸರು 'ಛೋಟಾ ಮುಂಬಯಿ'. ಒಂದು ಊರು ವಿದ್ಯೆ, ಸಾಹಿತ್ಯ, ಸಂಗೀತ, ಪಿಂಚಣಿ ಎಂದರೆ ಇನ್ನೊಂದು ಊರು ವ್ಯಾಪಾರ, ಯಂತ್ರ, ಗದ್ದಲ, ಗಡಿಬಿಡಿ ಎನ್ನುತ್ತದೆ.

ಇದನ್ನು ಎರಡು ಊರಿನ ಮಂದಿಯ ಹುಟ್ಟುಗುಣ ಎಂದು ಹೇಳಿ ಮುಗಿಸುವುದು ಸುಲಭ. ಹಾಗೆ ಹೇಳುವವರೂ ಬಹಳ. ಆದರೆ ಗುಣ ಬೆಳೆದದ್ದು ಊರಿಗೆ ಒದಗಿದ ಕೆಲಸದಿಂದ. ಆ ಕೆಲಸಗಳನ್ನು ಹಂಚಿಕೊಟ್ಟವರು ಬಹುಮಟ್ಟಿಗೆ ಊರಿನವರೂ ಅಲ್ಲ. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ರಚಿಸಲು 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿದ ಮೇಲೆ, ಈ ಎರಡು ಊರುಗಳು ಹೇಗೆ ಬೇರೆಯಾದವು, ಎಷ್ಟರಮಟ್ಟಿಗೆ ಬೇರೆ ಎಂಬುದನ್ನು ಸಾವಧಾನವಾಗಿ ನೋಡುವುದು ಅಗತ್ಯವಾಗಿದೆ.

ಎರಡು ನೆಲ, ಎರಡು ಹುಟ್ಟು

ಮೊದಲ ವ್ಯತ್ಯಾಸ ನೆಲದ್ದು. ಧಾರವಾಡ ಮಲೆನಾಡಿನ ಸೆರಗು. ಹುಬ್ಬಳ್ಳಿಗಿಂತ ಸುಮಾರು ನೂರು ಮೀಟರ್ ಎತ್ತರದಲ್ಲಿ, ಗುಡ್ಡಗಳ ಮೇಲೆ, ಇಳಿಜಾರುಗಳಲ್ಲಿ ಹರಡಿಕೊಂಡ ಊರು. ಮಳೆ ಹೆಚ್ಚು, ಗಿಡಮರ ಹೆಚ್ಚು, ಸುತ್ತ ಆಪೂಸ್ ಮಾವಿನ ತೋಟಗಳು. ಹುಬ್ಬಳ್ಳಿಯಿಂದ ಪೂರ್ವಕ್ಕೆ ನಡೆದರೆ ನವಲಗುಂದ, ಅಣ್ಣಿಗೇರಿಗಳ ಕಡೆಗೆ ಕಣ್ಣು ಹಾಯುವವರೆಗೂ ಎರೆಭೂಮಿ. ಹತ್ತಿ, ಜೋಳ, ಮೆಣಸಿನಕಾಯಿ ಬೆಳೆಯುವ ಸೀಮೆ ಅದು. ಆ ಬಯಲಿನ ಫಸಲು ಪಶ್ಚಿಮದ ಕರಾವಳಿಗೆ ಹೋಗುವ ದಾರಿಯಲ್ಲಿ ಹುಬ್ಬಳ್ಳಿ ಇದೆ. ಎತ್ತಿನ ಬಂಡಿಗಳ ಸಾಲು ನಿಲ್ಲುವ ಜಾಗದಲ್ಲಿ ಪೇಟೆ ಹುಟ್ಟಿತು.

ಈ ಪೇಟೆ ಬಹಳ ಹಳೆಯದು. ಹದಿನೇಳನೆಯ ಶತಮಾನದಲ್ಲಿ ಹುಬ್ಬಳ್ಳಿಯಲ್ಲಿ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯ ಕೋಠಿ ಇತ್ತು. 1673ರಲ್ಲಿ ಶಿವಾಜಿಯ ಸೈನ್ಯ ಊರಿನ ಮೇಲೆ ಬಿದ್ದು ಆ ಕೋಠಿಯನ್ನೂ ಲೂಟಿ ಮಾಡಿತು. ಲೂಟಿ ಮಾಡಲು ಸೈನ್ಯ ಹುಡುಕಿಕೊಂಡು ಬರುವಷ್ಟು ಸರಕು ಆಗಲೇ ಅಲ್ಲಿ ಇತ್ತೆಂದಾಯಿತು. ಹದಿನೆಂಟನೆಯ ಶತಮಾನದಲ್ಲಿ ದುರ್ಗದಬೈಲಿನ ಸುತ್ತ ಹೊಸ ಹುಬ್ಬಳ್ಳಿ ಎದ್ದಾಗ ಅದನ್ನು ಕಟ್ಟಿಸುವುದರಲ್ಲಿ ಮುಂದಾದವರು ಬಸಪ್ಪ ಶೆಟ್ಟರ ಎಂಬ ವರ್ತಕರು.

ಧಾರವಾಡದ ಹುಟ್ಟು ಬೇರೆ. ಅದು ಕೋಟೆಯ ಊರು. ವಿಜಾಪುರದ ಆದಿಲಶಾಹಿ, ಮೊಘಲರು, ಮರಾಠರು, ಹೈದರ್, ಟಿಪ್ಪು ಎಲ್ಲರೂ ಅದಕ್ಕಾಗಿ ಬಡಿದಾಡಿದರು. 1790-91ರಲ್ಲಿ ಟಿಪ್ಪುವಿನ ವಶದಲ್ಲಿದ್ದ ಈ ಕೋಟೆಗೆ ಮರಾಠರು, ಇಂಗ್ಲಿಷರು ಸೇರಿ ಹಾಕಿದ ಮುತ್ತಿಗೆ ತಿಂಗಳುಗಟ್ಟಲೆ ನಡೆಯಿತು. ಕೋಟೆ ಇದ್ದಲ್ಲಿ ಸೈನಿಕ, ಅಧಿಕಾರಿ, ದಫ್ತರ ಇದ್ದೇ ಇರುತ್ತವೆ. ಪೇಶ್ವೆಯ ಆಳಿಕೆ ಮುಗಿದು 1818ರ ವೇಳೆಗೆ ಈ ಸೀಮೆ ಕಂಪನಿಯ ಕೈಸೇರಿದಾಗ, ಜಿಲ್ಲೆಯ ಕಚೇರಿಗೆ ಧಾರವಾಡವೇ ಸ್ಥಳವಾಯಿತು. ತಂಪು ಹವೆಯೂ ಗುಡ್ಡದ ಮೇಲಿನ ಬಂಗಲೆಗಳೂ ಯುರೋಪಿಯನ್ ಅಧಿಕಾರಿಗಳಿಗೆ ಹಿಡಿಸಿದವು. 1824ರಲ್ಲಿ ಕಿತ್ತೂರಿನ ಕದನದಲ್ಲಿ ಹತನಾದ ಥ್ಯಾಕರೆ ಧಾರವಾಡದ ಕಲೆಕ್ಟರನೇ ಆಗಿದ್ದ.

ಆದರೆ ಜನ ಕಚೇರಿಯ ಬೆನ್ನು ಹತ್ತಿ ಹೋಗಲಿಲ್ಲ. 1901ರ ಜನಗಣತಿಯಲ್ಲಿ ಹುಬ್ಬಳ್ಳಿಯಲ್ಲಿ ಸುಮಾರು 60 ಸಾವಿರ ಜನರಿದ್ದರೆ ಜಿಲ್ಲಾ ಕೇಂದ್ರವಾದ ಧಾರವಾಡದಲ್ಲಿ ಇದ್ದವರು ಸುಮಾರು 31 ಸಾವಿರ ಮಾತ್ರ. ಜಿಲ್ಲೆಯ ದೊಡ್ಡ ಊರು ಒಂದು, ಜಿಲ್ಲೆಯನ್ನು ಆಳುವ ಊರು ಇನ್ನೊಂದು. ಇಂದಿಗೂ ನಡೆದಿರುವ ಜಗ್ಗಾಟದ ಬೇರು ಇಲ್ಲಿದೆ.

ಕಲೆಕ್ಟರ ಕಚೇರಿಯ ಹಿಂದೆ ಬಂದ ವಿದ್ಯೆ

ಧಾರವಾಡದ ಸಾಹಿತ್ಯಪ್ರೀತಿ ಗಾಳಿಯಲ್ಲಿ ತೇಲಿ ಬಂದದ್ದಲ್ಲ. ಕಚೇರಿಗೆ ಕಾರಕೂನ ಬೇಕು, ಕೋರ್ಟಿಗೆ ವಕೀಲ ಬೇಕು, ಶಾಲೆಗೆ ಮಾಸ್ತರ ಬೇಕು. ಇವರೆಲ್ಲ ಓದು ಬರಹ ಬಲ್ಲವರಾಗಿರಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಓದು ಬರಹ ಯಾವ ಭಾಷೆಯಲ್ಲಿ ಎಂಬುದೇ ದೊಡ್ಡ ಪ್ರಶ್ನೆಯಾಯಿತು. ಪೇಶ್ವೆಯ ಕಾಲದಿಂದ ಕಾಗದಪತ್ರಗಳೆಲ್ಲ ಮೋಡಿ ಲಿಪಿಯ ಮರಾಠಿಯಲ್ಲಿ. ಮುಂಬಯಿ ಸರ್ಕಾರದ ಶಾಲೆಗಳಲ್ಲಿಯೂ ಮೊದಮೊದಲು ಮರಾಠಿಯದೇ ಕಾರುಬಾರು. ಮನೆಯಲ್ಲಿ ಕನ್ನಡ ಆಡುವ ಮಕ್ಕಳು ಶಾಲೆಯಲ್ಲಿ ಮರಾಠಿ ಕಲಿಯಬೇಕಾದ ಸ್ಥಿತಿ. ಶಿಕ್ಷಣಾಧಿಕಾರಿ ಡಬ್ಲ್ಯು.ಎ. ರಸೆಲ್, ಕನ್ನಡಿಗರೇ ಆದ ಡೆಪ್ಯುಟಿ ಚನ್ನಬಸಪ್ಪ ಮೊದಲಾದವರು ಕನ್ನಡ ಶಾಲೆಗಳ ಪರವಾಗಿ ದುಡಿದರು. ಚನ್ನಬಸಪ್ಪನವರು ಶೇಕ್ಸ್‌ಪಿಯರನ ನಾಟಕವೊಂದನ್ನು 'ನಗದವರನ್ನು ನಗಿಸುವ ಕಥೆ' ಎಂದು ಕನ್ನಡಕ್ಕೆ ತಂದರು.

ಬಾಸೆಲ್ ಮಿಶನ್ನಿನ ಪಾದ್ರಿಗಳು 1837ರಲ್ಲಿ ಧಾರವಾಡಕ್ಕೆ ಬಂದರು. 1853ರಲ್ಲಿ ಬಂದ ಫರ್ಡಿನಂಡ್ ಕಿಟ್ಟೆಲ್ ಕನ್ನಡ ಕಲಿಯಲು ತೊಡಗಿದ್ದು ಈ ಊರಲ್ಲಿಯೇ. ಅವನ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾಗಿ ಹೊರಬಂತು. ಅದಕ್ಕೂ ಮೊದಲೇ, 1890ರ ಜುಲೈ 20ರಂದು, ರಾ.ಹ. ದೇಶಪಾಂಡೆಯವರ ನೇತೃತ್ವದಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾಯಿತು. ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದು ಇದರ ನಂತರ, 1915ರಲ್ಲಿ.

ಮೈಸೂರು ಸಂಸ್ಥಾನದಲ್ಲಿ ಕನ್ನಡಕ್ಕೆ ಅರಸರ ಆಶ್ರಯವಿತ್ತು. ಧಾರವಾಡದಲ್ಲಿ ಹಾಗಿರಲಿಲ್ಲ. ಸಂಬಳದಲ್ಲಿ ಉಳಿಸಿದ ರೂಪಾಯಿ, ವರ್ಗಣಿ, ಊರೂರು ತಿರುಗಿ ಎತ್ತಿದ ದೇಣಿಗೆ, ಇವುಗಳಿಂದ ಕನ್ನಡದ ಕೆಲಸ ನಡೆಯಬೇಕಿತ್ತು. ಮಾಸ್ತರರು, ಕಾರಕೂನರು, ವಕೀಲರು ಸೇರಿ ಕಟ್ಟಿದ ಸಂಸ್ಕೃತಿ ಅದು. ಸಭೆ, ಠರಾವು, ವ್ಯಾಖ್ಯಾನಮಾಲೆ, ಮಾಸಪತ್ರಿಕೆ ಎಂದರೆ ಧಾರವಾಡಕ್ಕೆ ಇಷ್ಟೊಂದು ಪ್ರೀತಿ ಏಕೆಂಬುದು ಇದರಿಂದ ತಿಳಿಯುತ್ತದೆ. ಸಣ್ಣ ಸಂಬಳದ ಮನುಷ್ಯ ಮಾಡಬಹುದಾದ ದೊಡ್ಡ ಕೆಲಸ ಅದೇ ಆಗಿತ್ತು.

ಒಂದೇ ರೈಲು, ಎರಡು ಪಾಲು

ಎರಡು ಊರುಗಳ ದಾರಿ ಸ್ಪಷ್ಟವಾಗಿ ಕವಲೊಡೆದದ್ದು ರೈಲು ಬಂದಾಗ. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾಯಿತು. ಅದಕ್ಕೂ ಮೊದಲು ಈ ಸೀಮೆಯ ಹತ್ತಿ ಬಂಡಿಗಳಲ್ಲಿ ಘಟ್ಟ ಇಳಿದು ಕುಮಟೆಯ ಬಂದರಕ್ಕೆ ಹೋಗಿ ಹಡಗು ಏರುತ್ತಿತ್ತು. ಎಲ್ಲಿಯೋ ಬೆಳೆದ ಹತ್ತಿಗೆ ವಿಲಾಯತಿ ಪೇಟೆಯಲ್ಲಿ 'ಕುಮಟಾ ಹತ್ತಿ' ಎಂಬ ಹೆಸರೇ ನಿಂತಿತ್ತು. ರೈಲು ಆ ಹತ್ತಿಯನ್ನು ಗೋವೆಯ ಮಾರ್ಮಗೋವಾ ಬಂದರದತ್ತ ತಿರುಗಿಸಿತು.

ಕಂಪನಿ ತನ್ನ ಕೆಲಸವನ್ನು ಎರಡು ಊರುಗಳಲ್ಲಿ ಹಂಚಿತು. ಮುಖ್ಯ ಕಚೇರಿ ಧಾರವಾಡದಲ್ಲಿ, ಗಾಡಿ ದುರಸ್ತಿಯ ವರ್ಕ್‌ಶಾಪು ಹುಬ್ಬಳ್ಳಿಯಲ್ಲಿ. ಲೆಕ್ಕ ಬರೆಯುವವರು ಗುಡ್ಡದ ಊರಿನಲ್ಲಿ, ಕಬ್ಬಿಣ ಬಡಿಯುವವರು ಬಯಲಿನ ಊರಿನಲ್ಲಿ. ಎರಡು ಊರುಗಳ ಸ್ವಭಾವ ಕುರಿತು ಈಗ ಹೇಳುವ ಮಾತುಗಳಲ್ಲಿ ಅರ್ಧ ಪಾಲು ಈ ಒಂದು ತೀರ್ಮಾನದಿಂದ ಬಂದವು.

ಮುಂದೆ ನಡೆದದ್ದು ಇನ್ನೂ ಸ್ವಾರಸ್ಯದ್ದು. 1908ರಲ್ಲಿ ಈ ಕಂಪನಿ ಮದ್ರಾಸ್ ರೈಲ್ವೆಯೊಡನೆ ಸೇರಿತು. ಮುಖ್ಯ ಕಚೇರಿ ಮದ್ರಾಸಿಗೆ ಹೋಯಿತು. ಧಾರವಾಡದಲ್ಲಿ ದೊಡ್ಡ ಕಟ್ಟಡವೊಂದು ಬರಿದಾಗಿ ಉಳಿಯಿತು. 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜಿಗೆ ಆ ಕಟ್ಟಡ ಮುಂದೆ ಮನೆಯಾಯಿತು. ವಿ.ಕೃ. ಗೋಕಾಕರಿಂದ ಗಿರೀಶ ಕಾರ್ನಾಡರವರೆಗೆ ಈ ಭಾಗದ ಅನೇಕ ದೊಡ್ಡ ಲೇಖಕರು ಓದಿದ್ದು ಈ ಕಾಲೇಜಿನಲ್ಲಿ. ರೈಲು ಬಿಟ್ಟುಹೋದದ್ದನ್ನು ಧಾರವಾಡ ಪಾಠಶಾಲೆ ಮಾಡಿಕೊಂಡಿತು. 1949ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯ, 1986ರ ಕೃಷಿ ವಿಶ್ವವಿದ್ಯಾಲಯ ಇದೇ ದಾರಿಯಲ್ಲಿ ಬಂದವು.

ಹುಬ್ಬಳ್ಳಿಯಲ್ಲಿ ವರ್ಕ್‌ಶಾಪು ಉಳಿಯಿತು, ಬೆಳೆಯಿತು. ಅದರೊಡನೆ ತೆಲುಗು, ತಮಿಳು ಮಾತಾಡುವ ಕೆಲಸಗಾರರು ಬಂದರು. ಹತ್ತಿಯ ವ್ಯಾಪಾರಕ್ಕೆ ಗುಜರಾತಿಗಳು, ಮಾರವಾಡಿಗಳು ಬಂದರು. ಮರಾಠಿ, ಉರ್ದು, ಕೊಂಕಣಿ ಮೊದಲೇ ಇದ್ದವು. ಹುಬ್ಬಳ್ಳಿಯ ಅಂಗಡಿಕಾರ ಗಿರಾಕಿಯ ಮುಖ ನೋಡಿ ಭಾಷೆ ಬದಲಿಸುವುದನ್ನು ಕಲಿತ. ಧಾರವಾಡದವರು ಭಾಷೆಗಾಗಿ ಸಂಘ ಕಟ್ಟಿದರೆ, ಹುಬ್ಬಳ್ಳಿಯವರಿಗೆ ಭಾಷೆ ವ್ಯವಹಾರದ ಸಾಧನ. ಎರಡೂ ಅವರವರ ಹೊಟ್ಟೆಪಾಡಿಗೆ ತಕ್ಕಂತೆ ರೂಪುಗೊಂಡ ಗುಣಗಳೇ. 2003ರಲ್ಲಿ ನೈರುತ್ಯ ರೈಲ್ವೆ ವಲಯದ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿ ಆರಂಭವಾದಾಗ ಒಂದು ಚಕ್ರ ಪೂರ್ತಿ ಸುತ್ತಿದಂತಾಯಿತು. ಒಂದು ಕಾಲಕ್ಕೆ ಧಾರವಾಡದಲ್ಲಿದ್ದ ರೈಲ್ವೆ ಕಚೇರಿಯ ಯೋಗ್ಯತೆ, ನೂರು ವರ್ಷದ ಬಳಿಕ, ಬಡಿಗೆ ಹಿಡಿದ ಊರಿಗೆ ಬಂತು.

ಅಟ್ಟ ಮತ್ತು ಬೈಲು

ಧಾರವಾಡದ ಗುಣ ಕಾಣಲು ಸುಭಾಸ ರಸ್ತೆಯ ಅಟ್ಟ ಹತ್ತಬೇಕು. ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯ ಕಚೇರಿ ಅದು. ಸಾಹಿತಿಗಳ ನಡುವೆ ಅದರ ಹೆಸರೇ 'ಅಟ್ಟ'. ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರು ಕುಳಿತು ಹಸ್ತಪ್ರತಿಗಳನ್ನು ಓದಿದ ಜಾಗ. ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ ಇಲ್ಲಿಂದ ಹೊರಬಂತು. ಇದಕ್ಕೂ ಮೊದಲು ದ.ರಾ. ಬೇಂದ್ರೆಯವರ ಸುತ್ತ ಸೇರಿದ್ದ 'ಗೆಳೆಯರ ಗುಂಪು' ಇತ್ತು. ಸಾಧನಕೇರಿಯ ಬೇಂದ್ರೆ, ಊರಿನ ಹೆಣ್ಣುಮಕ್ಕಳ, ಸಂತೆಯ ಮಂದಿಯ ಆಡುಮಾತನ್ನು ಎತ್ತಿ ಕಾವ್ಯಕ್ಕೆ ಕೂಡಿಸಿದರು. 1973ರಲ್ಲಿ 'ನಾಕುತಂತಿ'ಗಾಗಿ ಜ್ಞಾನಪೀಠ ಪಡೆದರು. 1950ರ ಜನವರಿಯಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದ ಮೇಲೆ ಅಟ್ಟದ ಮೇಲಿನ ಮಾತು ಹಳ್ಳಿಹಳ್ಳಿಗೂ ಕೇಳತೊಡಗಿತು. ಅಲ್ಲಿಯವರೆಗೆ ಗ್ರಾಮ್ಯವೆಂದು ತಳ್ಳಿದ್ದ ಧಾಟಿಗೆ ಇದರಿಂದ ಮರ್ಯಾದೆ ಬಂತು.

ಹುಬ್ಬಳ್ಳಿಯ ಗುಣ ಕಾಣಲು ಹತ್ತುವುದು ಬೇಡ, ಸಂಜೆ ದುರ್ಗದಬೈಲಿನಲ್ಲಿ ಇಳಿದರೆ ಸಾಕು. ಗಿರಮಿಟ್ಟು, ಮಿರ್ಚಿ ಭಜಿ, ಚಾ. ಜವಳಿಸಾಲು, ದಾಜಿಬಾನಪೇಟೆ, ಕೊಪ್ಪೀಕರ ರಸ್ತೆಗಳಿಂದ ಹೊರಬಿದ್ದ ಮಂದಿ ಇಲ್ಲಿ ಭೆಟ್ಟಿಯಾಗುತ್ತಾರೆ. ಸಾವಜಿ ಖಾನಾವಳಿಯ ಖಾರದೂಟ, ನೇಕಾರಿಕೆಯ ಹಿನ್ನೆಲೆಯ ಎಸ್‌.ಎಸ್‌.ಕೆ. ಸಮಾಜದ ಮನೆಯಡಿಗೆ, ಪೇಟೆಗೆ ಬಂದವರೆಲ್ಲರ ಊಟವಾದದ್ದು ಹುಬ್ಬಳ್ಳಿಯಂಥ ಊರಿನಲ್ಲಿಯೇ ಸಾಧ್ಯ. ಧಾರವಾಡದ ತಿನಿಸು ಎಂದರೆ ಫೇಡೆ. ಅದೂ ಹೊರಗಿನಿಂದ ಬಂದದ್ದೇ: ಹತ್ತೊಂಬತ್ತನೆಯ ಶತಮಾನದಲ್ಲಿ ಉತ್ತರದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನ ಲೈನ್ ಬಜಾರಿನಲ್ಲಿ ಮಾಡಿ ಮಾರತೊಡಗಿತು. ಇಂದು ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಹಾಲನ್ನು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕಾಯಿಸಿ, ಕೆದಕಿ, ಕಂದು ಬಣ್ಣಕ್ಕೆ ತರುವ ಅವಸರವಿಲ್ಲದ ಕೆಲಸ ಅದು. ಗಿರಮಿಟ್ಟು ಕಲಸಿದ ಕೂಡಲೇ ತಿನ್ನಬೇಕು, ಇಲ್ಲವಾದರೆ ಚುರುಮರಿ ಮೆತ್ತಗಾಗುತ್ತದೆ.

ಮಠಗಳಲ್ಲಿಯೂ ಇದೇ ಭೇದ ಕಾಣುತ್ತದೆ. ಧಾರವಾಡದ ಮುರುಘಾಮಠ ಎಂದೊಡನೆ ಈ ಸೀಮೆಯವರಿಗೆ ನೆನಪಾಗುವುದು ಬಡ ಹುಡುಗರಿಗೆ ಅನ್ನ, ಆಸರೆ ಕೊಟ್ಟ ಪ್ರಸಾದನಿಲಯ. ಹುಬ್ಬಳ್ಳಿಯ ಸಿದ್ಧಾರೂಢಮಠ ಎಂದೊಡನೆ ನೆನಪಾಗುವುದು ಜಾತ್ರೆ, ಜಾತಿ ಕೇಳದೆ ಸೇರುವ ಜನಸಾಗರ. 1929ರಲ್ಲಿ ತೀರಿಕೊಂಡ ಸಿದ್ಧಾರೂಢರ ಹೆಸರನ್ನೇ 2020ರಲ್ಲಿ ರೈಲು ನಿಲ್ದಾಣಕ್ಕೆ ಇಡಲಾಯಿತು.

ಕುಂದಗೋಳದ ಗಾಡಿ

ಸಂಗೀತದ ಮಾತು ಬಂದಾಗ ಎಲ್ಲವೂ ಧಾರವಾಡದ್ದೆಂದು ಹೇಳುವ ರೂಢಿಯಿದೆ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಬಾಳಿದ್ದು ಧಾರವಾಡದಲ್ಲಿ. ಸಿತಾರರತ್ನ ರಹಿಮತ್ ಖಾನ್ ಮನೆತನ ನೆಲೆಸಿದ್ದೂ ಅಲ್ಲಿಯೇ. ಆದರೆ ಗಂಗೂಬಾಯಿ ಹಾನಗಲ್ಲರ ಬದುಕು ಎರಡು ಊರುಗಳನ್ನೂ ಹೊಲಿಯುತ್ತದೆ. ಅವರು ಹುಟ್ಟಿದ್ದು 1913ರಲ್ಲಿ ಧಾರವಾಡದಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಬಲ್ಲವರು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಮಿರಜಿನಿಂದ ಮೈಸೂರಿಗೆ ಹೋಗಿಬರುವಾಗ ಧಾರವಾಡದಲ್ಲಿ ಇಳಿದು ಅಂಬಾಬಾಯಿಯವರ ಹಾಡುಗಾರಿಕೆ ಕೇಳುತ್ತಿದ್ದರು. ಮಗಳು ಹಿಂದುಸ್ತಾನಿ ಸಂಗೀತ ಕಲಿಯಲೆಂದು 1928ರಲ್ಲಿ ಕುಟುಂಬ ಹುಬ್ಬಳ್ಳಿಗೆ ಬಂತು. ಮುಂದೆ ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಬಳಿ ಪಾಠ ಹೇಳಿಸಿಕೊಂಡರು. ಸಂಜೆಯ ಗಾಡಿಗೆ ಮರಳುತ್ತಿದ್ದರು. 2009ರಲ್ಲಿ ತೀರಿಕೊಳ್ಳುವವರೆಗೂ ಹುಬ್ಬಳ್ಳಿಯೇ ಅವರ ಊರು.

ಈ ಕತೆಯಲ್ಲಿ ಗಮನಿಸಬೇಕಾದ ಪಾತ್ರ ರೈಲಿನದು. ಮಿರಜ, ಧಾರವಾಡ, ಹುಬ್ಬಳ್ಳಿ, ಕುಂದಗೋಳ, ಗದಗ ಎಲ್ಲವೂ ಒಂದೇ ರೈಲ್ವೆ ಜಾಲದ ಮೇಲೆ ಇದ್ದುದರಿಂದ ಉಸ್ತಾದರು, ಶಿಷ್ಯರು, ನಾಟಕ ಕಂಪನಿಗಳು ಸುಲಭವಾಗಿ ತಿರುಗಾಡಿದರು. ಹತ್ತಿ ಸಾಗಿಸಲು ಹಾಕಿದ ಹಳಿ ಖಯಾಲನ್ನೂ ಸಾಗಿಸಿತು. ಧಾರವಾಡದ ಕಲೆಗೂ ಹುಬ್ಬಳ್ಳಿಯ ವ್ಯವಹಾರಕ್ಕೂ ಸಂಬಂಧವಿಲ್ಲ ಎನ್ನುವವರು ಇದನ್ನು ನೆನೆಯಬೇಕು. ಬೇಂದ್ರೆಯವರ 'ಹುಬ್ಬಳ್ಳಿಯಾಂವಾ' ಕವಿತೆಯ ಹೆಣ್ಣು ಕಾಯುತ್ತ ಕುಳಿತಿರುವುದು ಪೇಟೆಯ ಊರಿನ ಗಂಡಿಗಾಗಿಯೇ ಅಲ್ಲವೆ?

ಮಾತು ಬೀದಿಗೆ ಇಳಿದಾಗ

ಎರಡು ಊರುಗಳು ಒಂದಕ್ಕೊಂದು ಪೂರಕವಾಗಿ ದುಡಿದದ್ದರ ದೊಡ್ಡ ನಿದರ್ಶನ ಕರ್ನಾಟಕದ ಏಕೀಕರಣ. ವಿಚಾರ ಹುಟ್ಟಿ ಬೆಳೆದದ್ದು ಧಾರವಾಡದಲ್ಲಿ. ವಿದ್ಯಾವರ್ಧಕ ಸಂಘದ ಸಭೆಗಳು, ಆಲೂರ ವೆಂಕಟರಾಯರ 'ಕರ್ನಾಟಕ ಗತವೈಭವ' (1917), ಅವರ ಪತ್ರಿಕೆ 'ಜಯಕರ್ನಾಟಕ' ಇವೆಲ್ಲ ಕನ್ನಡಿಗರು ಒಂದು ಎಂಬ ಭಾವನೆಯನ್ನು ಓದುಬಲ್ಲವರಲ್ಲಿ ಬಿತ್ತಿದವು. ಆದರೆ ಅರ್ಜಿ, ಠರಾವುಗಳಿಗೆ ದಿಲ್ಲಿ ಕಿವಿಗೊಡಲಿಲ್ಲ. 1953ರಲ್ಲಿ ಆಂಧ್ರ ರಾಜ್ಯ ರಚನೆ ನಿಶ್ಚಯವಾದಾಗ ಕನ್ನಡಿಗರ ತಾಳ್ಮೆ ತಪ್ಪಿತು. ಹುಬ್ಬಳ್ಳಿ ಸಮೀಪದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಉಪವಾಸ ಕುಳಿತರು. ಏಪ್ರಿಲ್ 19ರಂದು ಹುಬ್ಬಳ್ಳಿಯಲ್ಲಿ ಪ್ರದೇಶ ಕಾಂಗ್ರೆಸ್ಸಿನ ಸಭೆ ಸೇರಿದಾಗ ಸಾವಿರಾರು ಜನ ಬೀದಿಗೆ ಇಳಿದರು. ಗಲಭೆಯಾಯಿತು, ಪೊಲೀಸರ ಬಲಪ್ರಯೋಗವಾಯಿತು. ಅದೇ ವರ್ಷದ ಕೊನೆಗೆ ರಾಜ್ಯ ಪುನರ್ವಿಂಗಡಣಾ ಆಯೋಗ ರಚನೆಯಾಯಿತು. 1956ರ ನವೆಂಬರ್ 1ರಂದು ಕನ್ನಡದ ರಾಜ್ಯ ಉದಯಿಸಿತು. ಧಾರವಾಡದ ಅರವತ್ತು ವರ್ಷದ ಮಾತು, ಹುಬ್ಬಳ್ಳಿಯ ಒಂದು ದಿನದ ಸಿಟ್ಟು. ಒಂದಿಲ್ಲದೆ ಇನ್ನೊಂದು ಫಲಿಸುತ್ತಿತ್ತೆಂದು ಹೇಳುವುದು ಕಷ್ಟ.

ಪತ್ರಿಕೆಗಳ ಚರಿತ್ರೆಯೂ ಹೀಗೆಯೇ. ರಂಗನಾಥ ದಿವಾಕರರ 'ಕರ್ಮವೀರ' 1921ರಲ್ಲಿ ಹುಟ್ಟಿದ್ದು ಧಾರವಾಡದಲ್ಲಿ, ಮುಂದೆ ಬೆಳೆದದ್ದು ಹುಬ್ಬಳ್ಳಿಯಲ್ಲಿ. ಬೆಳಗಾವಿಯಲ್ಲಿ ಹುಟ್ಟಿದ 'ಸಂಯುಕ್ತ ಕರ್ನಾಟಕ'ವೂ ನೆಲೆ ಕಂಡದ್ದು ಹುಬ್ಬಳ್ಳಿಯಲ್ಲಿಯೇ. ಪಾ.ವೆಂ. ಆಚಾರ್ಯರು 'ಕಸ್ತೂರಿ'ಯನ್ನು ಮನೆಮಾತು ಮಾಡಿದ್ದೂ ಅಲ್ಲಿಂದ. ಬರೆಯುವವರು ಧಾರವಾಡದಲ್ಲಿದ್ದರೂ ಅಚ್ಚಾದ ಕಟ್ಟು ರಾತ್ರಿಯ ರೈಲು ಹತ್ತಿ ಮುಂಜಾನೆ ಊರೂರು ಮುಟ್ಟಬೇಕಾದರೆ ಹುಬ್ಬಳ್ಳಿಯ ನಿಲ್ದಾಣ ಬೇಕು.

ಗಾದೆಗೆ ಒಗ್ಗದ ಸಂಗತಿಗಳು

ಧಾರವಾಡಕ್ಕೆ ವಿದ್ಯೆ, ಹುಬ್ಬಳ್ಳಿಗೆ ವ್ಯಾಪಾರ ಎಂಬ ಮಾತು ಪೂರ್ತಿ ನಿಜವೂ ಅಲ್ಲ. ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜು 1947ರಲ್ಲಿಯೇ ಹುಬ್ಬಳ್ಳಿಯಲ್ಲಿ ಆರಂಭವಾಯಿತು. ಜನರ ಬಾಯಲ್ಲಿ 'ಕಿಮ್ಸ್' ಎಂದು ನಿಂತಿರುವ ಸರ್ಕಾರಿ ವೈದ್ಯಕೀಯ ಕಾಲೇಜು 1957ರದು. ಯಂತ್ರ, ಔಷಧಗಳ ವಿದ್ಯೆ ಹುಬ್ಬಳ್ಳಿಗೆ, ಕಲೆ, ವಿಜ್ಞಾನಗಳ ವಿದ್ಯೆ ಧಾರವಾಡಕ್ಕೆ ಎಂದು ಹೇಳೋಣವೆಂದರೆ, 2009ರಲ್ಲಿ ಬಂದ ಕಾನೂನು ವಿಶ್ವವಿದ್ಯಾಲಯ ಹುಬ್ಬಳ್ಳಿಯ ನವನಗರದಲ್ಲಿದೆ. 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆದ ಹೈಕೋರ್ಟ್ ಪೀಠ ಧಾರವಾಡದಲ್ಲಿದೆ.

ಧಾರವಾಡ ಶಾಂತವಾದ ಊರು ಎಂಬ ನಂಬಿಕೆಗೂ ಪೆಟ್ಟು ಬಿದ್ದಿದೆ. 2015ರ ಆಗಸ್ಟ್ 30ರಂದು ವಚನಸಾಹಿತ್ಯದ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲಿಯೇ ಗುಂಡಿಟ್ಟು ಕೊಲ್ಲಲಾಯಿತು. ಮಾತನ್ನೇ ನಂಬಿ ಬೆಳೆದ ಊರಿಗೆ ಮಾತಿಗಾಗಿ ತೆರಬೇಕಾದ ಬೆಲೆ ಅಂದು ಗೊತ್ತಾಯಿತು. ಹಾಗೆಯೇ, ಹಲವು ಭಾಷೆ, ಹಲವು ಮತಗಳು ಬೆರೆತ ಪೇಟೆ ಎಂಬ ಹುಬ್ಬಳ್ಳಿಯ ಹೆಮ್ಮೆ ಈದ್ಗಾ ಮೈದಾನದ ವಿವಾದದಲ್ಲಿ, ಅದರಲ್ಲೂ ಗೋಲಿಬಾರ್ ನಡೆದು ಜೀವಗಳು ಹೋದ 1994ರ ಆಗಸ್ಟ್ 15ರಂದು, ಕಠಿಣ ಪರೀಕ್ಷೆಗೆ ಒಳಗಾಯಿತು.

ಕಾಲವೂ ಬದಲಾಗಿದೆ. ಹುಬ್ಬಳ್ಳಿಯ ಹತ್ತಿ ಗಿರಣಿಯ ಭೋಂಗಾ ನಿಂತುಹೋಗಿದೆ. ಧಾರವಾಡದ ಸಪ್ತಾಪುರದಲ್ಲಿ ಇಂದು ಕವಿಗೋಷ್ಠಿಗಿಂತ ಹೆಚ್ಚಾಗಿ ಕಾಣುವುದು ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳ ಫಲಕಗಳು. ಉತ್ತರ ಕರ್ನಾಟಕದ ಹಳ್ಳಿಗಳಿಂದ ಬಂದ ಸಾವಿರಾರು ತರುಣ ತರುಣಿಯರು ಸಣ್ಣ ಖೋಲಿಗಳಲ್ಲಿ ಉಳಿದು, ಖಾನಾವಳಿಯಲ್ಲಿ ಉಂಡು, ವಾಚನಾಲಯದಲ್ಲಿ ರಾತ್ರಿಯವರೆಗೂ ಓದುತ್ತ ಪಿ.ಎಸ್‌.ಐ., ಕೆ.ಎ.ಎಸ್. ಹುದ್ದೆಗಳ ಪ್ರಕಟಣೆಗಾಗಿ ಕಾಯುತ್ತಾರೆ. ಇದನ್ನು ಧಾರವಾಡದ ಅವನತಿ ಎನ್ನುವವರಿದ್ದಾರೆ. ನಿಜ ನೋಡಿದರೆ ಇದೇ ಆ ಊರಿನ ಹಳೆಯ ಕಸುಬು. ಕಲೆಕ್ಟರ ಕಚೇರಿಯ ನೌಕರಿಗಾಗಿ ಹಳ್ಳಿಯ ಹುಡುಗ ಓದಲು ಬರುವುದರಿಂದಲೇ ಧಾರವಾಡ ಧಾರವಾಡವಾಯಿತು. ಹಾಗೆ ಬಂದವರಲ್ಲಿ ಕೆಲವರು ಕವಿಗಳಾದರು, ಅಷ್ಟೆ. ಆ ಹುಡುಗನಿಗೆ ತಂದೆ ಕಳಿಸುವ ಹಣ ಎಲ್ಲಿಯದು? ಅಮರಗೋಳದ ಕೃಷಿ ಮಾರುಕಟ್ಟೆಯಲ್ಲಿ ಹತ್ತಿ, ಮೆಣಸಿನಕಾಯಿ ಮಾರಿ ಬಂದದ್ದು. ಒಕ್ಕಲಿಗನ ಮನೆಯಿಂದ ನೋಡಿದರೆ ಇವು ಎರಡು ಊರುಗಳಲ್ಲ. ಮಾಲು ಒಯ್ಯುವ ದಾರಿ, ಮಗನನ್ನು ಕಳಿಸುವ ದಾರಿ, ಅಷ್ಟೇ.

ಒಂದು ಪಾಲಿಕೆ, ಎರಡು ಅಸಮಾಧಾನ

1962ರಲ್ಲಿ ಎರಡು ಊರುಗಳನ್ನು ಕೂಡಿಸಿದಾಗ ಪಾಲಿಕೆಯ ಮುಖ್ಯ ಕಚೇರಿ ಹುಬ್ಬಳ್ಳಿಗೆ ಹೋಯಿತು, ಜಿಲ್ಲಾಧಿಕಾರಿಗಳ ಕಚೇರಿ ಧಾರವಾಡದಲ್ಲಿ ಉಳಿಯಿತು. ಅಂದಿನಿಂದ ಎರಡು ಊರಿನವರಿಗೂ ಒಂದೊಂದು ದೂರು. ತೆರಿಗೆ ಕೊಡುವುದು ತಾವು, ಜಿಲ್ಲಾ ಕೇಂದ್ರದ ಗೌರವ ಇನ್ನೊಬ್ಬರಿಗೆ ಎಂದು ಹುಬ್ಬಳ್ಳಿಯವರು. 82 ವಾರ್ಡುಗಳಲ್ಲಿ ಹೆಚ್ಚಿನವು ಹುಬ್ಬಳ್ಳಿಯವು, ಅನುದಾನವೆಲ್ಲ ಅಲ್ಲಿಯೇ ಕರಗುತ್ತದೆ, ಒಂದು ಗಟಾರು ದುರಸ್ತಿಗೂ ಇಪ್ಪತ್ತು ಕಿಲೋಮೀಟರ್ ಆಚೆ ಕೈಚಾಚಬೇಕು ಎಂದು ಧಾರವಾಡದವರು. ಪ್ರತ್ಯೇಕ ಪಾಲಿಕೆಯ ಬೇಡಿಕೆ ಹುಟ್ಟಿದ್ದು ಸಂಸ್ಕೃತಿಯ ಭೇದದಿಂದ ಅಲ್ಲ, ರಸ್ತೆ, ನೀರು, ಕಸಗಳ ಲೆಕ್ಕದಿಂದ. ಆ ಲೆಕ್ಕದಲ್ಲಿ ನ್ಯಾಯವೂ ಇದೆ. ತನ್ನ ಬೀದಿಯ ದೀಪಕ್ಕೆ ತನ್ನ ಊರಿನಲ್ಲಿಯೇ ಜವಾಬು ಕೇಳುವ ಹಕ್ಕು ಯಾವ ನಾಗರಿಕನಿಗೂ ಇರಬೇಕಾದದ್ದೇ.

ಆದರೆ ಬೇರ್ಪಡಿಸಲಾಗದವು ಕೆಲವು ಇವೆ. ಎರಡೂ ಊರುಗಳು ಕುಡಿಯುವುದು ಸವದತ್ತಿ ಹತ್ತಿರದ ಮಲಪ್ರಭಾ ಜಲಾಶಯದ ನೀರು. 1955ರಲ್ಲಿ ಹುಬ್ಬಳ್ಳಿಗಾಗಿ ಕಟ್ಟಿದ ನೀರಸಾಗರ ಮಳೆ ಕೈಕೊಟ್ಟ ವರ್ಷಗಳಲ್ಲಿ ಸಾಲದಾಗುತ್ತದೆ. 2018ರಲ್ಲಿ ಓಡಲು ಆರಂಭಿಸಿದ ತ್ವರಿತ ಸಾರಿಗೆಯ 'ಚಿಗರಿ' ಬಸ್ಸುಗಳಿಗೆ ಇರುವುದು ಒಂದೇ ದಾರಿ. ಅದಕ್ಕೂ ಮೊದಲು ಇದೇ ದಾರಿಯಲ್ಲಿ ಓಡತೊಡಗಿದ ಖಾಸಗಿ ಬಸ್ಸುಗಳ ಹೆಸರು 'ಬೇಂದ್ರೆ ಸಾರಿಗೆ'. ಧಾರವಾಡದ ವರಕವಿಯ ಹೆಸರು ಹೊತ್ತ ಬಸ್ಸಿನ ಬಾಗಿಲಲ್ಲಿ ನಿಂತು ಹುಡುಗ 'ಹುಬ್ಬಳ್ಳಿ, ಹುಬ್ಬಳ್ಳಿ' ಎಂದು ಕೂಗುವುದನ್ನು ಯಾರೂ ವಿಚಿತ್ರವೆಂದು ತಿಳಿಯಲಿಲ್ಲ.

ನಡುವಿನ ಜಾಗವೂ ಬರಿದಾಗಿ ಉಳಿದಿಲ್ಲ. ಉಣಕಲ್ಲು, ಅಮರಗೋಳ, ನವನಗರ, ರಾಯಾಪುರ, ಸತ್ತೂರು, ಪೇರಲ ಹಣ್ಣಿಗೆ ಹೆಸರಾದ ನವಲೂರು, ಒಂದಾದ ಮೇಲೊಂದು ಬಡಾವಣೆಗಳಾಗಿ ಎರಡು ಊರುಗಳನ್ನು ಹೆಣೆದಿವೆ. ಅಲ್ಲಿ ಮನೆ ಮಾಡಿದವರಲ್ಲಿ ಗಂಡ ಹುಬ್ಬಳ್ಳಿಯ ಅಂಗಡಿಗೆ, ಹೆಂಡತಿ ಧಾರವಾಡದ ಶಾಲೆಗೆ ಹೋಗುವ ಸಂಸಾರಗಳು ಎಷ್ಟೋ. 'ನಿಮ್ಮೂರು ಯಾವುದ್ರಿ?' ಎಂದರೆ ಅವರು ಕೊಡುವ ಉತ್ತರ ಕೇಳಿದವರ ಊರಿನ ಮೇಲೆ ಹೋಗುತ್ತದೆ. ಎರಡು ಪಾಲಿಕೆಗಳ ಗಡಿಗೆರೆ ಎಳೆಯುವಾಗ ಅದು ಹಾಯಬೇಕಾದದ್ದು ಇವರ ಅಂಗಳದಲ್ಲಿಯೇ. ಕಚೇರಿ ಎರಡಾಗುವುದು ಆಡಳಿತಕ್ಕೆ ಒಳ್ಳೆಯದೇ ಇರಬಹುದು. ನೀರಿನ ಕೊಳವೆ, ಬಸ್ಸಿನ ದಾರಿ, ನಡುವಿನ ಬಡಾವಣೆಗಳ ಹೊಣೆ ಇವನ್ನು ಮಾತ್ರ ಕೂಡಿಯೇ ನೋಡಿಕೊಳ್ಳುವ ಏರ್ಪಾಡು ಅದರೊಡನೆ ಬರಬೇಕು. ಇಲ್ಲವಾದರೆ ಕಂಪನಿಯ ಸಾಹೇಬರು ಒಂದು ರೈಲನ್ನು ಎರಡು ಪಾಲು ಮಾಡಿದಾಗಲೂ ಬೇರೆಯಾಗದೆ ಉಳಿದ ಊರುಗಳನ್ನು, ಊರಿನವರೇ ಕೈಯಾರೆ ಬೇರೆ ಮಾಡಿದಂತಾದೀತು.